ಹೈಡ್ರದ ಪುರುಡು

ಬೆಟ್ಟದಪುರದ ಬೆಟ್ಟದ ನೆರಳು ಸಂಜೆ ಹೊತ್ತು ಯಾವ ಯಾವ ಮನೆಯ ಮೇಲೆ ಬೀಳುತ್ತದೋ ಆ ಮನೆಯವರೆಲ್ಲ ಪುಣ್ಯವಂತರೆಂದು ಆ ಕಡೆಯ ಹಿರಿಯರು ಹೇಳುತ್ತಾರೆ. ಬೆಟ್ಟದ ಮೇಲಿನ ಮಲ್ಲಿಕಾರ್ಜುನಸ್ವಾಮಿಯ ಪಕ್ಷಪಾತವೋ ಸೂರ್ಯದೇವನ ಅವಸರವೋ, ಆ ನೆರಳು ಜವರಯ್ಯನ ಮನೆಯವರೆಗೂ ಬಂದು, ಪಕ್ಕದ ಚೆಲುವಯ್ಯನ ಮನೆಗೆ ಕಾಲಿಡುವಷ್ಟರಲ್ಲಿ ಹೊತ್ತು ಮುಳುಗಿಹೋಗುತ್ತಿತ್ತು. ಇದರ ಬಗ್ಗೆ ಚೆಲುವಯ್ಯ ಎಲ್ಲಿಯೂ ದೂರು ಕೊಟ್ಟಿರಲಿಲ್ಲ. ಯಾವ ಕಚೇರಿಗೆ ಕೊಡಬೇಕೆಂದು ತಿಳಿದಿದ್ದರೆ ಕೊಡುತ್ತಿದ್ದ.

ಇಂಥ ಚೆಲುವಯ್ಯನ ಬಾಳಿನಲ್ಲಿ ಒಂದೇ ಮಾಗಿಯಲ್ಲಿ ಎರಡು ಭಾಗ್ಯಗಳು ಒದಗಿಬಂದವು. ಒಂದಾದ ಮೇಲೆ ಒಂದು ಬಂದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಇರುತ್ತಿರಲಿಲ್ಲ.

ಮೊದಲನೆಯದು ಊರದೇವರು ಬಸವಪ್ಪನ ಪೆಟ್ಟಿಗೆ. ದೇವರ ಬೆಳ್ಳಿಯ ಮುಖವಾಡ, ಒಡವೆ, ಪಟ್ಟೆಯ ಬಟ್ಟೆ ಇರುವ ಆ ಮರದ ಪೆಟ್ಟಿಗೆಯನ್ನು ಗುಡಿಯಲ್ಲಿಡುವ ಪದ್ಧತಿಯಿಲ್ಲ; ವರ್ಷಕ್ಕೊಂದು ಮನೆಯಂತೆ ಸರದಿಯ ಮೇಲೆ ಅದು ಊರೆಲ್ಲ ವಾಸ ಮಾಡುತ್ತದೆ. ಪೆಟ್ಟಿಗೆ ಯಾರ ನಡುಮನೆಯಲ್ಲಿರುತ್ತದೋ ಅವನಿಗೆ ಆ ವರ್ಷ ಮದುವೆಮನೆಯಲ್ಲಿ ಮೊದಲ ವೀಳ್ಯ, ಚಾವಡಿಯಲ್ಲಿ ಕಂಬಕ್ಕೊರಗುವ ಜಾಗ, ಜೊತೆಗೆ ಅವನ ಮಾತು ಮುಗಿಯುವವರೆಗೂ ಯಾರೂ ನಡುವೆ ಬಾಯಿ ಹಾಕದಿರುವ ಮರ್ಯಾದೆ ದೊರೆಯುತ್ತವೆ. ಕೊನೆಯದನ್ನು ಚೆಲುವಯ್ಯ ಹುಟ್ಟಿದಾರಭ್ಯ ಅನುಭವಿಸಿರಲಿಲ್ಲ. ಅವನಪ್ಪನ ಕಾಲದಲ್ಲಿ ಸರದಿ ಬಂದಾಗ ಮನೆಯಲ್ಲೊಂದು ಸಾವಾಗಿ ಕೈತಪ್ಪಿತ್ತು. ಪೆಟ್ಟಿಗೆ ಹೋಗುವ ಮನೆಯಲ್ಲಿ ಸತ್ತ ಸೂತಕವಿರಬಾರದು, ಹೆತ್ತ ಪುರುಡಿರಬಾರದು, ಮಾಂಸ ಬೇಯಬಾರದು. ಈ ಸಲವೂ ತಪ್ಪಿದರೆ ಪೆಟ್ಟಿಗೆ ಪಕ್ಕದ ಜವರಯ್ಯನ ಮನೆಗೆ ಹೋಗುತ್ತಿತ್ತು; ಮತ್ತೆ ಸರದಿ ಸುತ್ತಿ ಬರುವ ಹೊತ್ತಿಗೆ ಚೆಲುವಯ್ಯ ಹೂವಿನ ಹಾರ ಹಾಕಿಸಿಕೊಂಡು ಗೋಡೆಯ ಮೇಲಿರುತ್ತಿದ್ದ.

ಎರಡನೆಯ ಭಾಗ್ಯ ಸ್ಕೂಟರಿನಲ್ಲಿ ಬಂತು. ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದ ಕಾವ್ಯಶ್ರೀ ಎಂಬ ಹೆಣ್ಣುಮಗಳು ಜವರಯ್ಯನ ಹೊಲದ ಕಟ್ಟೆಯಲ್ಲಿ ಮೊಣಕಾಲುದ್ದ ನೀರಿಗಿಳಿದು, ತೇಲುವ ಎಲೆಗಳನ್ನು ಒಂದೊಂದಾಗಿ ಮಗುಚಿ ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. ಎಲೆಯ ಅಡಿಗೆ ಅಂಟಿಕೊಂಡು, ದಾರದ ಚೂರಿನಂಥ ಮೈಯಿಂದ ಕೂದಲೆಳೆಯಂಥ ಕೈಗಳನ್ನು ಚಾಚಿ ಕೂತಿರುವ ಹೈಡ್ರ ಎಂಬ ಜೀವಿ ಅವಳ ಸಂಶೋಧನೆಯ ವಿಷಯ. ಊರ ನೀರಿನಲ್ಲಿ, ಊರ ಚಳಿಯಲ್ಲಿ ಕೆಲವು ವಾರ ಅದನ್ನು ಸಾಕಿ ನೋಡಬೇಕಾಗಿತ್ತು. ತಂಪಾದ, ಅಲುಗಾಟವಿಲ್ಲದ ಮನೆ ಎಲ್ಲಾದರೂ ಸಿಕ್ಕೀತೇ ಎಂದು ಅವಳು ಯಾರನ್ನೋ ಕೇಳುತ್ತಿರುವಾಗ, ಕೇಳಿಸಿಕೊಳ್ಳಬೇಕಾಗಿಲ್ಲದ ಚೆಲುವಯ್ಯ ಕೇಳಿಸಿಕೊಂಡ.

“ನಮ್ಮನೇಲಿ ಮಡಗಿ ಮೇಡಮ್ಮೋರೆ. ನಂಗೂ ಸಂಶೋಧನೆ ಅಂದ್ರೆ ಮೊದ್ಲಿಂದಾನೂ ವಸಿ ಅಭಿರುಚಿ.”

“ಈ ಮೊದಲು ಹೈಡ್ರ ನೋಡಿದ್ದೀರಾ?”

“ನೋಡ್ದೆ ಏನು! ನಮ್ ಎಮ್ಮೆ ದಿನಾ ಕುಡೀತದೆ.”

ಇದರಲ್ಲಿ ಸುಳ್ಳಿರಲಿಲ್ಲ. ಕಾವ್ಯಶ್ರೀ ಅವನ ಕೈಗೆ ಹೈಡ್ರವಿದ್ದ ಒಂದು ಗಾಜಿನ ಜಾಡಿ, ಒಂದು ಭೂತಗನ್ನಡಿ ಕೊಟ್ಟು, ನಲ್ಲಿ ನೀರು ಹಾಕಬೇಡಿ, ತಾಮ್ರದ ಚೊಂಬು ಸೋಕಿಸಬೇಡಿ, ದಿನಕ್ಕೊಂದು ಸಲ ಕಟ್ಟೆಯ ನೀರಿನ ಚಿಗಟಗಳನ್ನು ಹಿಡಿದು ಜೀವಂತ ಬಿಡಿ ಎಂದು ಹೇಳಿ ಮೈಸೂರಿಗೆ ಹೋದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಬಿಸಿ, ಕೊಟ್ಟಿಗೆಯಲ್ಲಿ ಎಮ್ಮೆ. ಹಾಗಾಗಿ ಜಾಡಿ ನಡುಮನೆಯ ಗೂಡು ಸೇರಿತು. ಪೆಟ್ಟಿಗೆ ಬಂದು ಕೂರಬೇಕಾದದ್ದೂ ನಡುಮನೆಯಲ್ಲೇ ಎಂಬುದು ಚೆಲುವಯ್ಯನಿಗೆ ಗೊತ್ತಿತ್ತು. ಇಬ್ಬರಿಗೂ ಜಾಗ ಸಾಕು ಎಂದುಕೊಂಡ.

ಅಂದಿನಿಂದ ಅವನ ನಡೆನುಡಿ ಬದಲಾದವು. ಪೇಪರು ಓದುವಾಗ ಮಾತ್ರ ಹಾಕುತ್ತಿದ್ದ ಕನ್ನಡಕವನ್ನು ಎಮ್ಮೆಯ ಹಾಲು ಕರೆಯುವಾಗಲೂ ಹಾಕಿಕೊಂಡ. ಮಾತಿನಲ್ಲಿ ಪುಸ್ತಕದ ಕನ್ನಡ ಸೇರಿತು. ಹೆಂಡತಿ ಸುನಂದಮ್ಮ ಮಿಕ್ಸಿ ಹಾಕಿದರೆ, “ಕಂಪನ! ಕಂಪನ!” ಎಂದು ಎರಡು ಕೈ ಎತ್ತಿಕೊಂಡು ಅಡಿಗೆಮನೆಗೆ ಓಡಿಬರುತ್ತಿದ್ದ. ಅವಳು ಚಟ್ನಿಯನ್ನು ಜವರಯ್ಯನ ಹೆಂಡತಿ ಮರಮ್ಮನ ಮನೆಯಲ್ಲಿ ರುಬ್ಬಿಕೊಂಡು ಬರತೊಡಗಿದಳು.

ಹೀಗಿರುತ್ತಿರಲು ಒಂದು ದಿನ ಭೂತಗನ್ನಡಿಯೊಳಗೆ ಚೆಲುವಯ್ಯ ಒಂದು ಅದ್ಭುತ ಕಂಡ. ಹೈಡ್ರದ ಪಕ್ಕೆಯಲ್ಲೊಂದು ಮೊಗ್ಗು ಮೂಡಿತ್ತು. ಮೊಗ್ಗಿಗೆ ಪುಟ್ಟ ಕೈಗಳು ಬಂದಿದ್ದವು. ಅವನು ಉಸಿರು ಬಿಗಿಹಿಡಿದು ನೋಡುತ್ತಿರುವಾಗಲೇ ಅದು ತಾಯಿಯ ಮೈಯಿಂದ ಕಳಚಿಕೊಂಡು, ಯಾರನ್ನೂ ಏನೂ ಕೇಳದೆ ಬೇರೆ ಸಂಸಾರ ಹೂಡಿತು.

ಈ ಸುದ್ದಿಯನ್ನು ಅವನು ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಸಾಲಿನಲ್ಲಿ ಪ್ರಕಟಿಸಿದ. ಮೊಗ್ಗು, ಮರಿ ಎಂದೆಲ್ಲ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಂಶೋಧಕನ ಘನತೆಗೆ ಅದು ಸಾಲದೆಂದು ತೋರಿ, ಕ್ಯಾನನ್ನು ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡು ಹೇಳಿದ:

“ನಮ್ಮ ಮನೆಯಲ್ಲಿ ಹೆರಿಗೆಯಾಯಿತು. ತಾಯಿ ಮಗು ಕ್ಷೇಮ.”

ಸಾಲು ಪೂರ್ತಿ ಹಿಂದಿರುಗಿ ನೋಡಿತು. ಚೆಲುವಯ್ಯ ಮುಂದಿನ ವಾಕ್ಯಕ್ಕೆ ಉಸಿರೆಳೆದುಕೊಂಡ. ಅಷ್ಟರಲ್ಲಿ ಡೈರಿಯವನು, “ಏಯ್, ಮುಂದ್ಕೆ ಬಾರಯ್ಯ, ನಿನ್ ಹಾಲ್ಗೆ ಎಷ್ಟ್ ನೀರ್ ಬಿದ್ದದೆ ನೋಡ್ಬೇಕು,” ಎಂದ. ಆ ವಿಚಾರಣೆ ಮುಗಿಯುವ ಹೊತ್ತಿಗೆ ಸಾಲಿನಲ್ಲಿದ್ದವರು ಯಾರೂ ಇರಲಿಲ್ಲ. ಎಲ್ಲರೂ ಸುದ್ದಿಯನ್ನು ಎತ್ತಿಕೊಂಡು ಮನೆಮನೆಗೆ ಹೊರಟಾಗಿತ್ತು.

ಮೊದಲು ಬಂದವಳು ಆಶಾ ಕಾರ್ಯಕರ್ತೆ ವೀರಮ್ಮ. ಕೂಸು ತೂಗುವ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದಳು. ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ ಸುನಂದಮ್ಮನನ್ನು ಕಂಡು ಅವಳ ದುಃಖ ಉಕ್ಕಿಬಂತು.

“ಸುನಂದಕ್ಕಾ, ನಂಗೊಂದ್ ಮಾತು ಯೋಳ್ಬಾರ್ದಾಗಿತ್ತಾ? ಇಷ್ಟ್ ತಿಂಗ್ಳು ಗುಟ್ಟಾಗಿ ಮಡಗಿದ್ರಲ್ಲ, ದೊಡ್ಡಾಸ್ಪತ್ರೆಯೋರು ನನ್ ಉಗೀದೆ ಬುಡ್ತಾರಾ?”

“ಏನಮ್ಮಿ ಮಡಗಿದ್ದು?”

“ಬಸುರ್ನ!”

“ಯಾರ ಬಸುರ್ನ?”

“ನಿಮ್ಮನೇಲಿ ಎತ್ತವ್ರಂತಲ್ಲ. ತಾಯಿ ಮಗು ಕ್ಷೇಮ ಅಂತ ನಿಮ್ ಯಜಮಾನ್ರೇ ಡೈರೀಲಿ ಅಂದವ್ರೆ.”

ಸುನಂದಮ್ಮನಿಗೆ ಮೊಮ್ಮಗಳು ಶಾಲೆಗೆ ಹೋಗುತ್ತಿದ್ದಳು. ಅವಳು ತನ್ನ ಹೊಟ್ಟೆಯನ್ನು ನೋಡಿಕೊಂಡಳು. ವೀರಮ್ಮನೂ ನೋಡಿದಳು. ಅಲ್ಲಿ ಏನೂ ಸಿಗದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು.

“ಅಂಗಂದ್ರೆ ಎತ್ತೋಳು ಯಾವ್ಳು?” ಎಂದಳು ಸುನಂದಮ್ಮ, ಕೈಯಲ್ಲಿದ್ದ ಸೌಟನ್ನು ಕೆಳಗಿಡದೆ.

“ಅದ್ನ ನಾನ್ ಕೇಳ್ಬಾರ್ದು ಅಂತ ಸುಮ್ಕಿದ್ದೆ ಅಕ್ಕಾ.”

ಸೌಟು ಮುಂದೆ, ತಕ್ಕಡಿ ಹಿಂದೆ, ಇಬ್ಬರೂ ನಡುಮನೆಗೆ ನುಗ್ಗಿದರು. ಚೆಲುವಯ್ಯ ಗೂಡಿನ ಮುಂದೆ ಬಗ್ಗಿ ನಿಂತಿದ್ದವನು ಬಾಯಿಯ ಮೇಲೆ ಬೆರಳಿಟ್ಟು, “ಶ್! ಬಾಣಂತಿ ಬೆದರ್ತಾಳೆ,” ಎಂದ.

“ಎಲ್ಲವ್ಳೆ ಬಾಣಂತಿ?” ಸುನಂದಮ್ಮನ ದನಿಯಲ್ಲಿ ಮಿಕ್ಸಿಗಿಂತ ಹೆಚ್ಚು ಕಂಪನವಿತ್ತು.

“ಜಾಡೀಲಿ.”

ವೀರಮ್ಮ ಭೂತಗನ್ನಡಿ ಇಸಕೊಂಡು ಬಹಳ ಹೊತ್ತು ನೋಡಿದಳು. ಸರ್ಕಾರದ ಕೆಲಸ ಮಾಡಿ ಮಾಡಿ ಅವಳಿಗೆ ಯಾವುದೂ ಆಶ್ಚರ್ಯವಾಗುತ್ತಿರಲಿಲ್ಲ. ಕೊನೆಗೆ ತಕ್ಕಡಿಯನ್ನು ಹೆಗಲಿಗೇರಿಸಿ, “ಇದ್ಕೆ ತೂಕ ಸಿಕ್ಕಾಕಿಲ್ಲ ಬುಡಿ. ಚುಚ್ಚುಮದ್ದು ಹಾಕಣಾ ಅಂದ್ರೆ ತೊಡೆಯೂ ಇಲ್ಲ,” ಎಂದು ಹೇಳಿ ಹೊರಟುಹೋದಳು.

ಅದೇ ಹೊತ್ತಿಗೆ ಕೆ.ಆರ್. ನಗರದಿಂದ ಮಗಳು ಅನು ಫೋನು ಮಾಡಿದಳು. “ಅವ್ವಾ, ನಮ್ಮತ್ತೆ ಕೇಳ್ತಾವ್ರೆ. ತಮ್ಮ ಅಂತೆ, ತಂಗಿ ಅಂತೆ, ಯಾವ್ದು ನಿಜ?” ಎಂದು ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಸುನಂದಮ್ಮ ಫೋನನ್ನು ಗಂಡನ ಕೈಗೆ ಕೊಟ್ಟು, ಸೌಟನ್ನು ಅವನಿಗೆ ಕಾಣುವ ಹಾಗೆ ಹಿಡಿದುಕೊಂಡು ನಿಂತಳು. ಚೆಲುವಯ್ಯ ಮಗಳಿಗೆ ಮೊಗ್ಗೊಡೆಯುವ ಕ್ರಮವನ್ನು ಮೊದಲಿನಿಂದ ವಿವರಿಸತೊಡಗಿದ. ಅರ್ಧದಲ್ಲಿ ಕರೆ ತುಂಡಾಯಿತು.

ಇಷ್ಟರಲ್ಲೇ ನಿಲ್ಲಬೇಕಾದ ವಿಷಯ, ಜವರಯ್ಯನ ದೆಸೆಯಿಂದ ಚಾವಡಿಗೆ ಹೋಯಿತು. ಪೆಟ್ಟಿಗೆ ಎತ್ತುವ ದಿನ ಹತ್ತಿರವಿತ್ತು. ಊರ ಯಜಮಾನ ಕರಿಯಪ್ಪ ಕಂಬದ ಪಕ್ಕ ಕೂತ. ಜಗಲಿಯ ತುದಿಯಲ್ಲಿ ತಿಮ್ಮಮ್ಮಜ್ಜಿ ಕಾಲು ಚಾಚಿ ಕೂತಳು. ಮದುವೆ, ಮೈನೆರೆತ, ಸೂತಕ, ಪುರುಡು, ಯಾವ ಶಾಸ್ತ್ರಕ್ಕಾದರೂ ಊರಿನಲ್ಲಿ ಅವಳ ಮಾತೇ ಕಡೆ. ಅಂದೇ ಹೈಡ್ರ ನೋಡಿಕೊಂಡು ಹೋಗಲು ಬಂದ ಕಾವ್ಯಶ್ರೀಯನ್ನೂ ಕರೆತಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಅವಳು ಇದು ಊರಿನವರಿಗೆ ವಿಜ್ಞಾನ ತಿಳಿಸಿಕೊಡುವ ಸಭೆಯೆಂದು ಭಾವಿಸಿ ಬಹಳ ಸಂತೋಷದಲ್ಲಿದ್ದಳು.

“ನಾನೇನೂ ಯೋಳಾಕಿಲ್ಲಪ್ಪ,” ಎಂದು ಜವರಯ್ಯ ಎದ್ದು ನಿಂತು ಎಲ್ಲವನ್ನೂ ಹೇಳಿದ. “ಹೆರಿಗೆ ಆಯ್ತು ಅಂದೋನು ಅವ್ನೇ. ಎತ್ತ ಮನೇಗೆ ಪುರುಡು. ಪುರುಡಿದ್ ಮನೇಗೆ ಪೆಟ್ಗೆ ಓಗಂಗಿಲ್ಲ. ಇದು ನಾನ್ ಮಾಡಿದ್ ಕಾನೂನಾ?”

“ಎಮ್ಮೆ ಕರ ಹಾಕಿದ್ರೆ ಪುರುಡೈತೇನ್ಲಾ?” ಎಂದು ಚೆಲುವಯ್ಯ ಕೇಳಿದ.

“ಎಮ್ಮೇನ ನಡುಮನೇಲಿ ಮಡಗ್ತೀಯಾ? ಎಮ್ಮೇನ ಬಾಣಂತಿ ಅಂತೀಯಾ? ಬಾಣಂತಿ ಬೆದರ್ತಾಳೆ ಅಂದಿದ್ದು ಯಾರು? ಕೇಳಿ ವೀರಮ್ಮುನ್ನ.”

ಗುಂಪಿನಲ್ಲಿದ್ದ ವೀರಮ್ಮ ಎದ್ದು, ಅಂದದ್ದು ನಿಜವೆಂದೂ, ತೂಕ ಮಾತ್ರ ಸಿಕ್ಕಲಿಲ್ಲವೆಂದೂ ಹೇಳಿ ಕೂತಳು.

“ಜಾಡೀನ ಹೊರೀಕ್ ಇಟ್ಬುಡ್ತೀನಿ ಕಣ್ರಪ್ಪಾ,” ಎಂದ ಚೆಲುವಯ್ಯ.

“ಎತ್ ಮೇಲೆ ಹೊರೀಕ್ ಇಟ್ರೆ ಪುರುಡು ಓಯ್ತದಾ? ನಮ್ ಹೆಂಗಸ್ರುನ್ನ ಅಂಗೇ ಜಗಲೀಗ್ ಕಳಿಸ್ಬುಟ್ರೆ ಆಗಿತ್ತಲ್ಲ!” ಎಂದ ಜವರಯ್ಯ.

ಚೆಲುವಯ್ಯ ಯೋಚಿಸಿದ. ಅಪರೂಪಕ್ಕೊಮ್ಮೆ ಅವನಿಗೂ ಒಂದು ಉಪಾಯ ಹೊಳೆಯುತ್ತಿತ್ತು. “ಇದು ಬಾಳೆ ಇದ್ದಂಗೆ ಕಣ್ರೀ. ಬಾಳೆ ಬುಡದಲ್ಲಿ ಕಂದು ಬರಂಗೆ ಇದ್ರ ಮೈಯಿಂದ ಮರಿ ಬತ್ತದೆ. ಬಾಳೆಗೆ ಯಾರಾದ್ರೂ ಪುರುಡು ಹಿಡೀತಾರಾ?”

ಸಭೆ ತಲೆದೂಗಿತು. ಕರಿಯಪ್ಪ ಕೂಡ ಹೌದಲ್ಲ ಎಂಬಂತೆ ಮೀಸೆ ತೀಡಿದ. ಆದರೆ ಜವರಯ್ಯ ಕಾವ್ಯಶ್ರೀಯ ಕಡೆ ತಿರುಗಿ, “ನೀವೇ ಯೋಳಿ ಮೇಡಂ, ಇದು ಗಿಡವಾ ಪ್ರಾಣಿಯಾ?” ಎಂದ. ಚೆಲುವಯ್ಯ ಕನ್ನಡಕ ತೆಗೆದು, ಎರಡು ಕಣ್ಣಿನಲ್ಲೂ ಅವಳನ್ನು ಬೇಡಿಕೊಂಡ.

“ಪ್ರಾಣಿ,” ಎಂದಳು ಕಾವ್ಯಶ್ರೀ.

ಸತ್ಯವಂತರಿಂದಲೇ ಮಳೆ ಬೆಳೆಯಾಗುತ್ತದೆಂದು ಕೇಳಿದ್ದೇವೆ. ಆ ಸಂಜೆ ಮಾತ್ರ ಚೆಲುವಯ್ಯನ ಮುಖದಲ್ಲಿ ಬೆಳೆಯೆಲ್ಲ ಒಣಗಿತು.

“ಮಾಂಸ ತಿಂತದಾ?” ಕರಿಯಪ್ಪ ಕೇಳಿದ.

“ಹೂಂ, ನೀರಿನ ಚಿಗಟ. ಮುಳ್ಳು ಚುಚ್ಚಿ ಹಿಡಿದು ಇಡಿಯಾಗಿ ನುಂಗುತ್ತೆ.”

“ಬೇಯ್ಸಾಕಿಲ್ಲ!” ಚೆಲುವಯ್ಯ ಕೂಗಿದ. “ಹಸೀದೇ ತಿಂತದೆ. ಬೇಯಿಸ್ಬಾರ್ದು ಅಂತ ತಾನೇ ನೇಮ ಇರಾದು?”

ಹಿರಿಯರು ಆ ನೇಮದ ಮಾತನ್ನು ತಮ್ಮತಮ್ಮೊಳಗೇ ತಿರುವಿಹಾಕತೊಡಗಿದರು. ಸಿಕ್ಕ ಬಿಡುವಿನಲ್ಲಿ ಕಾವ್ಯಶ್ರೀ ಪಾಠ ಶುರುಮಾಡಿದಳು. ಹೈಡ್ರವನ್ನು ಅಡ್ಡಡ್ಡ ಎರಡು ತುಂಡು ಮಾಡಿದರೂ ಎರಡೂ ಬದುಕುತ್ತವೆ, ತಲೆಯಿಲ್ಲದ್ದಕ್ಕೆ ತಲೆ, ಬುಡವಿಲ್ಲದ್ದಕ್ಕೆ ಬುಡ ಬಂದು ಎರಡೂ ಇಡಿಯಾಗುತ್ತವೆ ಎಂದಳು. ಜಮೀನಿನ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಗುಂಪಿನ ಎರಡು ಕೊನೆಯಲ್ಲಿ ಕೂತಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡರು. “ಪಾಲಾದ್ ಮೇಲೂ ಇಬ್ರಿಗೂ ಪೂರ್ತಿ ಸಿಕ್ತದಾ ಮೇಡಂ?” ಎಂದು ದೊಡ್ಡವನು ಬಾಯಾರಿದವನಂತೆ ಕೇಳಿದ. ವಯಸ್ಸಾದಂತೆ ಇದಕ್ಕೆ ಮುಪ್ಪು ಬರುವುದೇ ಕಾಣುವುದಿಲ್ಲ, ಯಾಕೆಂದು ಲೋಕದ ವಿಜ್ಞಾನಿಗಳೆಲ್ಲ ತಲೆ ಕೆಡಿಸಿಕೊಂಡಿದ್ದಾರೆ ಎಂದು ಅವಳು ಹೇಳಿದಾಗ ಹಿಂದೆ ಕೂತಿದ್ದ ಮುದುಕರೆಲ್ಲ ಮುಂದಕ್ಕೆ ಸರಿದರು. ಕರಿಯಪ್ಪ ಟವಲಿನಿಂದ ಬಕ್ಕತಲೆಯನ್ನು ಒರೆಸಿಕೊಂಡು, “ಆ ಚಿಗಟ ನಮ್ ಕಡೆ ಎಲ್ಲಾ ಕಟ್ಟೇಲೂ ಸಿಕ್ತದಾ?” ಎಂದು ಮೆಲ್ಲನೆ ವಿಚಾರಿಸಿದ.

ಸಭೆ ಕೈಬಿಟ್ಟು ಹೋಗುತ್ತಿದೆಯೆಂದು ಜವರಯ್ಯನಿಗೆ ತೋರಿತು. ಅವನು ಮತ್ತೆ ಎದ್ದ.

“ಇನ್ನೊಂದ್ ಮಾತು. ಈ ಜೀವ ಎಲ್ಲೀದು? ನನ್ ಕಟ್ಟೇದು. ನಮ್ಮಪ್ಪ ತೋಡ್ಸಿದ್ ಕಟ್ಟೆ. ಅಲ್ ಉಟ್ಟಿ ಬೆಳ್ದಿದ್ದು ನಮ್ಮನೇದಲ್ವಾ? ನನ್ನೊಂದ್ ಮಾತ್ ಕೇಳ್ದೆ ಕರ್ಕೊಂಡೋಗಿ ಮಡಗಿಕೊಂಡವ್ನಲ್ಲ, ಇದ್ಕೇನಂತೀರಿ?”

“ಆಯ್ತು, ನಿಮ್ಮನೇದೇ ಅಂತಾಯ್ತು. ಯಾರೂ ಇಲ್ಲ ಅನ್ನಾಕಿಲ್ಲ, ಕೂತ್ಕೊ,” ಎಂದ ಕರಿಯಪ್ಪ. ಇಡೀ ಸಭೆ ಅದಕ್ಕೆ ಒಪ್ಪಿತು. ಜವರಯ್ಯ ಗೆದ್ದವನಂತೆ ಕೂತ.

ಆಗ ತಿಮ್ಮಮ್ಮಜ್ಜಿ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದಳು. ಅದು ಅವಳು ಮಾತಾಡುವ ಸೂಚನೆ.

“ಮಗಾ, ಇದ್ರ ಗಂಡ ಯಾರವ್ವ?”

“ಗಂಡ ಇಲ್ಲ ಅಜ್ಜಿ. ಹೊಟ್ಟೆ ತುಂಬಾ ಊಟ ಸಿಕ್ಕಿದರೆ ತನ್ನ ಮೈಯಿಂದ ತಾನೇ ಮರಿ ಮಾಡುತ್ತೆ.”

“ಗಂಡ ಇಲ್ಲ ಅಂದ್ಮೇಲೆ ಕುಲ ಇಲ್ಲ. ಕುಲ ಇಲ್ದಿದ್ ಮೇಲೆ ಪುರುಡು ಯಾವನ್ಗೆ ಅಂಟ್ತದ್ಲಾ ಕರಿಯಾ? ಓಗಿ, ಎಮ್ಮೆ ಕಟ್ಟೋ ಹೊತ್ತಾಯ್ತು.”

ಹೀಗೆ ತೀರ್ಪಾಯಿತು. ಗಂಡಿಲ್ಲದ ಹೆರಿಗೆಗೆ ಪುರುಡಿಲ್ಲ, ಆಗಿದ್ದು ಆಯಿತು. ಆದರೂ ದೇವರ ಕೆಲಸವಾದ್ದರಿಂದ, ಪೆಟ್ಟಿಗೆ ಬರುವವರೆಗೆ ಆ ಮನೆಯಲ್ಲಿ ಇನ್ನೊಂದು ಹೆರಿಗೆಯಾಗಕೂಡದು, ಜಾಡಿಯೊಳಗೂ ಮಾಂಸ ಬೀಳಕೂಡದು ಎಂದು ಕರಿಯಪ್ಪ ತನ್ನ ಕಡೆಯಿಂದ ಒಂದು ಮಾತು ಸೇರಿಸಿದ. ಯಜಮಾನನಾದವನು ಏನಾದರೂ ಸೇರಿಸಬೇಕಲ್ಲ.

ಕಾವ್ಯಶ್ರೀಯ ಪಾಠದಲ್ಲಿ ಚೆಲುವಯ್ಯನ ಕಿವಿಗೆ ಬಿದ್ದದ್ದು ಒಂದೇ ಮಾತು: ಹೊಟ್ಟೆ ತುಂಬಾ ಊಟ ಸಿಕ್ಕಿದರೆ. ಸಿಗದಿದ್ದರೆ? ಅವನು ಮನೆಗೆ ಬಂದವನೇ ಚಿಗಟ ಹಿಡಿಯುವ ಬಟ್ಟೆಯನ್ನು ಮಡಿಸಿ ಅಟ್ಟಕ್ಕೆ ಹಾಕಿದ. ಕಾವ್ಯಶ್ರೀ ಫೋನಿನಲ್ಲಿ ಕೇಳಿದಾಗಲೆಲ್ಲ, “ಎಲ್ಲಾ ನೇಮನಿಷ್ಠೆಯಿಂದವ್ರೆ ಮೇಡಮ್ಮೋರೆ,” ಎಂದ. ಅವಳಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಪೆಟ್ಟಿಗೆ ಬರುವ ದಿನ ಊಟಕ್ಕೆ ಬರುತ್ತೇನೆಂದಳು.

ಹೈಡ್ರಗಳ ಉಪವಾಸದ ಸುದ್ದಿ ಊರಲ್ಲಿ ಹಬ್ಬಿತು. ದೇವರ ಪೆಟ್ಟಿಗೆ ಬರುತ್ತದೆಂದು ತಿಳಿದು ಜಾಡಿಯೊಳಗಿನವರು ಮಾಂಸ ಬಿಟ್ಟು, ಮಕ್ಕಳಾಗುವುದನ್ನೂ ನಿಲ್ಲಿಸಿ ಕೂತಿದ್ದಾರೆಂದು ಹೆಂಗಸರು ಗುಂಪುಗುಂಪಾಗಿ ನೋಡಲು ಬಂದರು. ಮರಮ್ಮ ದಿನಾ ಬಂದಳು. ಅವಳಿಗಿದ್ದವರು ಇಬ್ಬರೂ ಗಂಡುಮಕ್ಕಳು. ಬೇರೆಯವರ ಮನೆಯ ಹೆಣ್ಣುಮಕ್ಕಳ ಕಷ್ಟ ಕಂಡರೆ ಅವಳ ಕರುಳು ಚುರ್ ಎನ್ನುತ್ತಿತ್ತು. “ಬಡವಾಗವ್ಳೆ ಕಣಕ್ಕ,” ಎಂದು ಸುನಂದಮ್ಮನ ಹತ್ತಿರ ಗೊಣಗಿ ಹೋಗುತ್ತಿದ್ದಳು. ಮರಿ ಹುಟ್ಟುವುದು ನಿಂತಿತ್ತು. ಮಾಗಿಯ ಚಳಿ ಜಾಡಿಯ ನೀರನ್ನು ಕೊರೆಯುವಂತೆ ಮಾಡಿತ್ತು. ಚೆಲುವಯ್ಯ ಬೆಳಿಗ್ಗೆ ಸಂಜೆ ಗೂಡಿನ ಮುಂದೆ ನಿಂತು, “ಪೆಟ್ಗೆ ಒಳೀಕ್ ಬಂದ್ಬುಡ್ಲಿ ಕಣವ್ವ, ಅತ್ಲಾಗೆ ಸಂತರ್ಪಣೆ ಮಾಡುಸ್ಬುಡ್ತೀನಿ,” ಎನ್ನುತ್ತಿದ್ದ.

ಆ ದಿನ ಬಂತು. ಅಂಗಳ ಸಾರಿಸಿ ರಂಗೋಲಿ ಹಾಕಿದ್ದಾಯಿತು. ತಮಟೆ ಮುಂದೆ, ಕರಿಯಪ್ಪ, ಜವರಯ್ಯ ಮೊದಲಾದವರು ಪಕ್ಕದಲ್ಲಿ; ಊರಿನಲ್ಲೇ ಗಟ್ಟಿಮುಟ್ಟಾದ ಧರ್ಮೇಂದ್ರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬಂದ. ಒಂದು ಸಲ ಎತ್ತಿದ ಪೆಟ್ಟಿಗೆಯನ್ನು ಸೇರಬೇಕಾದ ಮನೆ ಸೇರುವವರೆಗೂ ಕೆಳಗಿಳಿಸುವಂತಿಲ್ಲ. ಧರ್ಮೇಂದ್ರನ ಬಲಗಾಲು ಹೊಸ್ತಿಲ ಮೇಲೆ ಬಂತು. ಚೆಲುವಯ್ಯ ಕೈಮುಗಿದು ಕಣ್ಣು ಮುಚ್ಚಿದ.

“ಚೆಲುವಯ್ಯನವರೇ!”

ನಡುಮನೆಯಿಂದ ಕಾವ್ಯಶ್ರೀ ಭೂತಗನ್ನಡಿ ಹಿಡಿದು ಓಡಿಬಂದಳು. “ನಾನು ಲ್ಯಾಬಿನಲ್ಲಿ ಎಷ್ಟು ಪ್ರಯತ್ನಪಟ್ಟರೂ ಆಗಿರಲಿಲ್ಲ! ಏನು ಮಾಡಿದಿರಿ ನೀವು? ಗಂಡೂ ಆಗಿದೆ, ಹೆಣ್ಣೂ ಆಗಿದೆ! ಮೊಟ್ಟೆ ಕಟ್ಟಿದೆ!”

ತಮಟೆ ನಿಂತಿತು.

ಊಟ ಸಿಗದೆ, ಚಳಿಯೂ ಹೆಚ್ಚಿದರೆ ಹೈಡ್ರ ಮೊಗ್ಗೊಡೆಯುವುದನ್ನು ಬಿಟ್ಟು ಗಂಡು ಹೆಣ್ಣಾಗಿ ಮೊಟ್ಟೆಯಿಡುವುದುಂಟು, ಇದನ್ನು ನೋಡುವುದಕ್ಕಾಗಿಯೇ ತಾನು ಊರೂರು ಅಲೆದದ್ದು ಎಂದು ಅವಳು ಸಂತೋಷದಿಂದ ಕಣ್ಣೀರು ಒರೆಸಿಕೊಂಡಳು. ಚೆಲುವಯ್ಯನೂ ಕಣ್ಣೀರು ಒರೆಸಿಕೊಂಡ. ಕಾರಣ ಬೇರೆ.

“ಕೇಳುಸ್ಕೊಂಡ್ರಾ?” ಎಂದ ಜವರಯ್ಯ. “ಗಂಡ ಇಲ್ಲ, ಕುಲ ಇಲ್ಲ, ಅದ್ಕೇ ಪುರುಡಿಲ್ಲ ಅಂದ್ರಲ್ಲ. ಈಗ ಗಂಡ ಅವ್ನೆ! ನಡೀಲಾ ಧರ್ಮೇಂದ್ರ, ನಮ್ಮನೆ ಕಡೀಕೆ.”

ಧರ್ಮೇಂದ್ರ ತಿರುಗಿದ.

“ನಿಂತ್ಕೊಳ್ಲಾ!” ಎಂದಳು ತಿಮ್ಮಮ್ಮಜ್ಜಿ. ಧರ್ಮೇಂದ್ರ ಒಂಟಿಕಾಲಿನ ಮೇಲೆ ನಿಂತ. “ಇನ್ನೂ ಎತ್ತಿಲ್ವಲ್ಲಾ. ಬಸುರಿ ಇರೋ ಮನೇಗೆ ದೇವ್ರು ಬರ್ಬಾರ್ದು ಅಂತ ಯಾವ ಶಾಸ್ತ್ರ? ಎತ್ ಮೇಲೆ ಪುರುಡು. ಮಗಾ, ಯಾವಾಗ ಎರ್ತದೆ?”

“ಅದನ್ನ ಹೇಳಕ್ಕಾಗಲ್ಲ ಅಜ್ಜಿ. ಮೊಟ್ಟೆ ಒಡೆಯೋಕೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು.”

“ಅಂಗಾರೆ ಪೆಟ್ಗೆ ಒಳಗಿರೋವಾಗ್ಲೇ ಎರ್ತದೆ,” ಎಂದು ಕರಿಯಪ್ಪ ತಲೆಯ ಮೇಲೆ ಕೈಹೊತ್ತ.

“ಅಜ್ಜೀ, ಕತ್ತು ನೋಯ್ತದೆ,” ಎಂದ ಧರ್ಮೇಂದ್ರ.

ಇಷ್ಟು ಹೊತ್ತೂ ಬಾಗಿಲ ಪಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದ ಸುನಂದಮ್ಮ ತಟ್ಟೆಯನ್ನು ಕೆಳಗಿಟ್ಟಳು.

“ಇದ್ಕೆ ಚೊಚ್ಚಲಾ ಮೇಡಮ್ಮೋರೆ?”

ಕಾವ್ಯಶ್ರೀ ಯೋಚಿಸಿ, “ಮೊಟ್ಟೆ ಇಡೋದು ಇದೇ ಮೊದಲು,” ಎಂದಳು.

“ಮತ್ತೆ ಚೊಚ್ಚಲು ಬಸುರೀನ ನಾವ್ಯಾಕ್ ಮಡಗಿಕೊಂಡಿವಿ? ಚೊಚ್ಚಲು ಹೆರಿಗೆ ತವರುಮನೇಲಿ ತಾನೇ ಆಗ್ಬೇಕಾದ್ದು?”

ಊರು ಮೆಲ್ಲಗೆ, ಒಂದೊಂದೇ ತಲೆಯಾಗಿ, ಜವರಯ್ಯನ ಕಡೆ ತಿರುಗಿತು.

“ಯಾಕೆ ನನ್ ನೋಡ್ತೀರಿ?” ಎಂದ ಜವರಯ್ಯ.

“ಅಲ್ ಉಟ್ಟಿ ಬೆಳ್ದಿದ್ದು ನಮ್ಮನೇದು ಅಂತ ಚಾವಡೀಲಿ ಅಂದೋನ್ ನೀನೇ ಕಣ್ಲಾ,” ಎಂದ ಕರಿಯಪ್ಪ. “ನಾವೂ ಒಪ್ಕೊಂಡಿದ್ದೀವಿ.”

“ಅದ್ ನಾನು ನೀರಿನ ಹಕ್ಕಿನ ಬಗ್ಗೆ...”

“ಬಸುರಿ ಹೆಣ್ಣು ಬಾಗಿಲ್ಗೆ ಬತ್ತದೆ ಅಂದ್ರೆ ನೀರಿನ ಹಕ್ಕು ಮಾತಾಡ್ತಾನಲ್ಲ ಇವ್ನು!” ಎಂದು ತಿಮ್ಮಮ್ಮಜ್ಜಿ ಎಲೆಯಡಿಕೆ ಉಗುಳಿದಳು. “ಥೂ!”

ಜವರಯ್ಯ ಇನ್ನೂ ಏನೋ ಹೇಳುವವನಿದ್ದ. ಅಷ್ಟರಲ್ಲಿ ಅವನ ಹೆಂಡತಿ ಮರಮ್ಮ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಸೆರಗು ಒಡ್ಡಿಕೊಂಡು ಮುಂದೆ ಬಂದಾಗಿತ್ತು. “ಕೊಡಕ್ಕ, ನಾನ್ ಕರ್ಕೊಂಡೋಯ್ತೀನಿ. ಈ ಗಂಡಸ್ರುನ್ನ ಕೇಳಿ ಯಾವ್ ಹೆಣ್ಮಗ್ಳು ತವರಿಗ್ ಬಂದವ್ಳೆ!”

ಮುಂದಿನದೆಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಧರ್ಮೇಂದ್ರ ಒಂಟಿಕಾಲಿನಲ್ಲೇ ನಿಂತಿರಲು, ಸುನಂದಮ್ಮ ಜಾಡಿಗೆ ಅರಿಸಿನ ಕುಂಕುಮ ಹಚ್ಚಿ, ಕುತ್ತಿಗೆಗೆ ಹಸಿರು ಬಳೆ ತೊಡಿಸಿ, ಮಡಿಲಕ್ಕಿ, ಕೊಬ್ಬರಿ, ಬೆಲ್ಲ ಕಟ್ಟಿಕೊಟ್ಟಳು. ಹೆಂಗಸರು ಸೋಬಾನೆ ಹೇಳಿದರು. ಸಂಶೋಧನೆಯ ದಿಕ್ಕು ತನ್ನ ಕೈಮೀರಿದ್ದನ್ನು ಕಂಡ ಕಾವ್ಯಶ್ರೀ, “ನೀರಿನೊಳಗೆ ಮಾತ್ರ ಕುಂಕುಮ ಹಾಕಬೇಡಿ,” ಎಂದಷ್ಟೇ ಬೇಡಿಕೊಂಡಳು. ಜಾಡಿ ಹೊರಕ್ಕೆ ಹೋಯಿತು, ಗೂಡಿಗೆ ಗಂಜಲ ಚಿಮುಕಿಸಿದರು, ಪೆಟ್ಟಿಗೆ ಒಳಕ್ಕೆ ಬಂತು. ಧರ್ಮೇಂದ್ರನ ಕತ್ತು ಮಾತ್ರ ಬಹಳ ದಿನ ಎಡಕ್ಕೇ ತಿರುಗಿತ್ತು.

ಚೆಲುವಯ್ಯ ಬಯಸಿದ್ದೆಲ್ಲ ದೊರೆಯಿತು. ಮದುವೆಮನೆಯಲ್ಲಿ ಮೊದಲ ವೀಳ್ಯ ಬಂತು. ಚಾವಡಿಯಲ್ಲಿ ಕಂಬ ಸಿಕ್ಕಿತು. ಆದರೆ ಕಂಬಕ್ಕೊರಗಿ ಕೂತು ಮಾತಾಡೋಣವೆಂದರೆ ಚಾವಡಿಯಲ್ಲಿ ಜನ ಇರುತ್ತಿರಲಿಲ್ಲ. ಊರೆಲ್ಲ ಜವರಯ್ಯನ ಮನೆಯಲ್ಲಿರುತ್ತಿತ್ತು. ಜವರಯ್ಯ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೆಯ ದಿನ ಕಾವ್ಯಶ್ರೀ ಅವನ ಕೈಗೆ ಭೂತಗನ್ನಡಿ ಕೊಟ್ಟಳು. ಆಮೇಲಿಂದ ಅವನೂ ಕನ್ನಡಕ ಹಾಕಿದವನು ತೆಗೆಯಲಿಲ್ಲ.

ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ ಒಂದು ಬೆಳಿಗ್ಗೆ ಮರಮ್ಮ ಅಂಗಳದಲ್ಲಿ ನಿಂತು, ಮೊಟ್ಟೆ ಒಡೆಯಿತೆಂದು ಊರಿಗೆಲ್ಲ ಕೂಗಿ ಹೇಳಿದಳು. ಜವರಯ್ಯನ ಮನೆಗೆ ಕ್ರಮವಾಗಿ ಪುರುಡು ಬಂತು. ಅವನು ಅದನ್ನು ಬಹಳ ಹೆಮ್ಮೆಯಿಂದ ಆಚರಿಸಿದ.

ಸುದ್ದಿ ಕೇಳಿದ ಚೆಲುವಯ್ಯ ಅಟ್ಟದಿಂದ ಬಟ್ಟೆ ತೆಗೆದುಕೊಂಡು ಕಟ್ಟೆಗೆ ಹೋಗಿ, ಒಂದು ಸ್ಟೀಲಿನ ಚೊಂಬಿನ ತುಂಬ ಚಿಗಟ ಹಿಡಿದು, ಟವಲು ಮುಚ್ಚಿಕೊಂಡು ಜವರಯ್ಯನ ಬೇಲಿಯ ಹತ್ತಿರ ಬಂದ. ಬಾಣಂತಿಗೆ ಬರಿಗೈಯಲ್ಲಿ ಬರುವುದುಂಟೇ? ಒಳಕ್ಕೆ ಕಾಲಿಡುವಷ್ಟರಲ್ಲಿ ಜಗಲಿಯ ಮೇಲಿಂದ ಜವರಯ್ಯ ಎರಡು ಕೈ ಎತ್ತಿದ.

“ಅಲ್ಲೇ! ಅಲ್ಲೇ ನಿಂತ್ಕೊ! ದೇವ್ರ ಪೆಟ್ಗೆ ಇರೋ ಮನೆಯೋನು ನೀನು, ಪುರುಡಿನ ಮನೇಗೆ ಬರಂಗಿಲ್ಲ.”

“ಒಂದೇ ಒಂದ್ ಸಲ ನೋಡ್ಕೊಂಡ್ ಓಯ್ತೀನಿ ಕಣ್ಲಾ.”

“ನೇಮ ಅಂದ್ರೆ ನೇಮ. ಚೊಂಬ ಅಲ್ಲೇ ಮಡಗಿ ಹಿಂದಕ್ ಸರ್ಕೊ.”

ಚೆಲುವಯ್ಯ ಚೊಂಬನ್ನು ಬೇಲಿಯ ಬುಡದಲ್ಲಿಟ್ಟು ಹಿಂದಕ್ಕೆ ಸರಿದ. ಜವರಯ್ಯ ಬಂದು ಎತ್ತಿಕೊಂಡ. ಟವಲು ಸರಿಸಿ ನೋಡಿದ. ಒಳಗೆ ಹೋಗುವವನು ಒಂದು ಗಳಿಗೆ ನಿಂತ.

“ಯಾರಂಗೈತ್ಲಾ?” ಎಂದು ಚೆಲುವಯ್ಯ ಕೇಳಿದ.

ಜವರಯ್ಯ ಕನ್ನಡಕವನ್ನು ಸರಿಮಾಡಿಕೊಂಡು ಗಂಭೀರವಾಗಿ ಯೋಚಿಸಿದ.

“ಮೈಯೆಲ್ಲಾ ನಮ್ ಕಡೇದು. ಕೈ ಮಾತ್ರ ನಿಮ್ ಕಡೇದು ಕಣ್ಲಾ, ಎಟುಕಿದ್ನೆಲ್ಲಾ ಬಾಚ್ಕೊತದೆ.”

ಚೆಲುವಯ್ಯ ಅಲ್ಲಿಂದ ನೇರವಾಗಿ ಮನೆಗೆ ಬಂದು ಪೆಟ್ಟಿಗೆಯ ಮುಂದಿನ ದೀಪಕ್ಕೆ ಎಣ್ಣೆ ಹಾಕಿದ. ಸುನಂದಮ್ಮ ಅಡಿಗೆಮನೆಯಿಂದ, “ಏನಂತೆ?” ಎಂದಳು.

“ಕೈ ನಮ್ ಕಡೇದಂತೆ,” ಎಂದ ಚೆಲುವಯ್ಯ.